ಎರಡು ಗಾಶೆ: ಅಸಲಿ ಯಾವುದು?

ಪ್ರಶ್ನೆ: ಪ್ಯಾರಿಸ್‌ಗೆ ಹೋಗಿದ್ದಾಗ ಓರ್ಸೆ ಮ್ಯೂಸಿಯಂನಲ್ಲಿ ವ್ಯಾನ್ ಗೋ ಬರೆದ 'ಡಾಕ್ಟರ್ ಗಾಶೆ' ತೈಲಚಿತ್ರ ನೋಡಿದೆ. ಫೋಟೊ ಕಳಿಸಿದ್ದಕ್ಕೆ ನಮ್ಮ ಭಾವ, "ಅಸಲಿ ಅದಲ್ಲ. ಅಸಲಿಯನ್ನು ಜಪಾನಿನ ಶ್ರೀಮಂತನೊಬ್ಬ ಕೊಂಡು ತನ್ನ ಚಿತೆಯಲ್ಲೇ ಸುಡಿಸಿಕೊಂಡ" ಅಂತಾರೆ. ಹಾಗಾದರೆ ನಾನು ನೋಡಿದ್ದು ನಕಲಾ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಭಾವ ಹೇಳಿದ್ದರಲ್ಲಿ ಕಾಲು ಭಾಗ ನಿಜ. ವ್ಯಾನ್ ಗೋ ಈ ಡಾಕ್ಟರನ್ನು ಎರಡು ಸಲ ಬರೆದ. 1890ರ ಜೂನ್, ಪ್ಯಾರಿಸ್ ಹತ್ತಿರದ ಓವೆರ್ ಎಂಬ ಊರು. ಜುಲೈ 29ಕ್ಕೆ ಅವನೇ ತೀರಿಕೊಂಡ. ಮೊದಲ ಚಿತ್ರ ಡಾಕ್ಟರಿಗೆ ಎಷ್ಟು ಹಿಡಿಸಿತೆಂದರೆ, ಇಂಥದ್ದೇ ತನಗೂ ಒಂದು ಬೇಕು ಎಂದು ದುಂಬಾಲು ಬಿದ್ದರಂತೆ. ತನ್ನ ತಮ್ಮ ತಿಯೋಗೆ ಬರೆದ ಕಾಗದದಲ್ಲಿ ವ್ಯಾನ್ ಗೋನೇ ಇದನ್ನು ಹೇಳಿದ್ದಾನೆ.

ನಿಮ್ಮ ಫೋಟೊ ಮತ್ತೊಮ್ಮೆ ನೋಡಿ. ಕೆಂಪು ಮೇಜಿನ ಮೇಲೆ ಬರೀ ಹೂವಿನ ಕಡ್ಡಿ ಇದೆ, ಅಲ್ವಾ? ಅದು ಫಾಕ್ಸ್‌ಗ್ಲೋವ್. ಹೃದಯದ ಔಷಧಿ ಡಿಜಿಟಾಲಿಸ್ ಬರುವುದು ಈ ಗಿಡದಿಂದಲೇ. ಇನ್ನೊಂದು ಚಿತ್ರದಲ್ಲಿ ಹೂವು ಗಾಜಿನ ಲೋಟದಲ್ಲಿದೆ, ಪಕ್ಕದಲ್ಲಿ ಎರಡು ಹಳದಿ ಪುಸ್ತಕಗಳಿವೆ. ಗುರುತು ಹಿಡಿಯಲು ಇಷ್ಟು ಸಾಕು.

ಇನ್ನು ಅಸಲಿ-ನಕಲಿ ಮಾತು. ಸೈಟು ಕೊಳ್ಳುವಾಗ ಮದರ್ ಡೀಡ್‌ವರೆಗೆ ಹಿಂದೆ ಹೋಗಿ ನೋಡ್ತೀವಲ್ಲ, ಚಿತ್ರಕ್ಕೂ ಹಾಗೇ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಈ ಸರಪಳಿಗೆ ಕಲಾವ್ಯಾಪಾರದಲ್ಲಿ 'ಪ್ರೊವೆನೆನ್ಸ್' ಅಂತಾರೆ. ಓರ್ಸೆಯಲ್ಲಿರುವುದರ ಕಾಗದಪತ್ರ ತುಂಬಾ ಸರಳ. ಡಾಕ್ಟರ ಮನೆಯಲ್ಲೇ ಇತ್ತು, 1949ರಲ್ಲಿ ಮಗ ಪಾಲ್, ಮಗಳು ಮಾರ್ಗರೀತ್ ಅದನ್ನು ಫ್ರಾನ್ಸಿಗೆ ದಾನ ಕೊಟ್ಟರು. ಆದರೂ ಅನುಮಾನ ಬಂದದ್ದು ಇದರ ಮೇಲೆಯೇ! ಯಾಕೆಂದರೆ ಅಪ್ಪ, ಮಗ ಇಬ್ಬರೂ ಹವ್ಯಾಸಕ್ಕೆ ಚಿತ್ರ ಬರೆಯುತ್ತಿದ್ದರು, ವ್ಯಾನ್ ಗೋ ಚಿತ್ರಗಳ ನಕಲನ್ನೂ ತೆಗೆಯುತ್ತಿದ್ದರು. ಮ್ಯೂಸಿಯಂ ಅಂತೂ ಇಂದಿಗೂ ಇದನ್ನು ವ್ಯಾನ್ ಗೋನದ್ದು ಎಂದೇ ತೋರಿಸುತ್ತದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಸರಳ ಕಾಗದಪತ್ರ ಇದ್ದ ಮಾತ್ರಕ್ಕೆ ಕೈ ಯಾರದ್ದು ಅಂತ ತೀರ್ಮಾನ ಆಗಿಬಿಡುವುದಿಲ್ಲ, ಅಷ್ಟೇ.

ಹಳದಿ ಪುಸ್ತಕದ ಚಿತ್ರದ್ದು ಇದರ ಉಲ್ಟಾ ಕಥೆ. ಬರೆದವನ ಬಗ್ಗೆ ತಕರಾರಿಲ್ಲ, ಸರಪಳಿಯ ತುಂಬ ಗಂಟು. ತಿಯೋನ ಹೆಂಡತಿ ಯೋಹಾನಾ, ಗಂಡ ಹೋದ ಮೇಲೆ, 1897ರಲ್ಲಿ 300 ಫ್ರಾಂಕಿಗೆ ಇದನ್ನು ಮಾರಿದರು. ನಾಲ್ಕಾರು ಕೈ ದಾಟಿ 1911ರಲ್ಲಿ ಫ್ರಾಂಕ್‌ಫರ್ಟಿನ ಸ್ಟೆಡೆಲ್ ಮ್ಯೂಸಿಯಂ ಸೇರಿತು. 1933ರಲ್ಲಿ ನಾಜಿಗಳು ಬಂದಾಗ ಅಲ್ಲಿನವರು ಚಿತ್ರವನ್ನು ಒಂದು ಕೋಣೆಯಲ್ಲಿ ಬಚ್ಚಿಟ್ಟರು. ಉಪಯೋಗ ಆಗಲಿಲ್ಲ. 1937ರಲ್ಲಿ 'ಕೆಟ್ಟುಹೋದ ಕಲೆ' ಅಂತ ಸರ್ಕಾರವೇ ಎತ್ತಿಕೊಂಡು ಹೋಯಿತು. ಕೆಟ್ಟದ್ದು ಅಂದವರು ಸುಟ್ಟರಾ? ಇಲ್ಲ. ಹಿಟ್ಲರನ ಮಂತ್ರಿ ಗೋರಿಂಗ್ ಅದನ್ನು ವಿದೇಶಿ ದುಡ್ಡಿಗೆ ಮಾರಿಸಿದ. ಕೊಂಡವರು ಆಮ್‌ಸ್ಟರ್‌ಡ್ಯಾಮಿನ ಬ್ಯಾಂಕರ್ ಫ್ರಾಂಜ್ ಕೋನಿಗ್ಸ್. ಅವರಿಂದ ಅದು ಯಹೂದಿ ಬ್ಯಾಂಕರ್ ಸೀಗ್‌ಫ್ರೀಡ್ ಕ್ರಮಾರ್ಸ್ಕಿ ಕೈಸೇರಿತು. ಯುದ್ಧದ ಹೊತ್ತಿಗೆ ಆ ಕುಟುಂಬ ನ್ಯೂಯಾರ್ಕಿಗೆ ತಪ್ಪಿಸಿಕೊಂಡು ಹೋಯಿತು, ಗಾಶೆಯೂ ಅಲ್ಲಿಗೇ ಹೋದರು.

ಹಾಗಾದರೆ ಸ್ಟೆಡೆಲ್ ಅದನ್ನು ವಾಪಸ್ ಕೇಳಬಹುದಿತ್ತಲ್ಲ ಅನ್ನಬಹುದು. ಮ್ಯೂಸಿಯಂಗಳಿಂದ ಹೀಗೆ ಎತ್ತಿಕೊಂಡದ್ದನ್ನು ನಾಜಿ ಸರ್ಕಾರ 1938ರಲ್ಲಿ ಕಾಯ್ದೆ ಮಾಡಿ ಸಕ್ರಮ ಮಾಡಿಕೊಂಡಿತ್ತು. ಯುದ್ಧ ಮುಗಿದ ಮೇಲೂ ಆ ಕಾಯ್ದೆಯನ್ನು ರದ್ದು ಮಾಡಲಿಲ್ಲ. ಕಳ್ಳತನಕ್ಕೂ ರಿಜಿಸ್ಟ್ರಿ ಆದಂತೆ!

1990ರ ಮೇ 15ರಂದು ಕ್ರಮಾರ್ಸ್ಕಿ ಕುಟುಂಬದವರು ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ಹರಾಜಿಗಿಟ್ಟಾಗ ಚಿತ್ರ 8.25 ಕೋಟಿ ಡಾಲರಿಗೆ ಹೋಯಿತು. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಚಿತ್ರಕ್ಕೂ ಅಷ್ಟು ಬಂದಿರಲಿಲ್ಲ. ಕೊಂಡವರು ಜಪಾನಿನ ಕಾಗದ ಉದ್ಯಮಿ ರ್ಯೋಯೆಯಿ ಸೈತೋ. ಸತ್ತಾಗ ಚಿತ್ರವನ್ನೂ ತಮ್ಮ ಜೊತೆ ಸುಡಿ ಅಂದದ್ದು ನಿಜ. ಅದು ಸುಮ್ನೆ ಪ್ರೀತಿಗೆ ಆಡಿದ ಮಾತು ಅಂತ ಆಮೇಲೆ ಸಮಜಾಯಿಷಿ ಬಂತು. 1996ರಲ್ಲಿ ಅವರು ತೀರಿಕೊಂಡರು, ಚಿತ್ರ ಸುಡಲಿಲ್ಲ, ಬೇರೆಯವರಿಗೆ ಮಾರಾಟವಾಯಿತು. ಈಗಿನ ಮಾಲೀಕರು ಹೆಸರು ಹೇಳಿಕೊಂಡಿಲ್ಲ, ಚಿತ್ರವನ್ನು ಎಲ್ಲೂ ತೋರಿಸುವುದೂ ಇಲ್ಲ. ಹಾಗಾಗಿ ನಮ್ಮ ನಿಮ್ಮಂಥವರಿಗೆ ಸಿಗುವ ಗಾಶೆ ಅಂದರೆ ನೀವು ನೋಡಿದವರೇ.

ಸ್ಟೆಡೆಲ್‌ನಲ್ಲಿ ಉಳಿದಿರುವುದು ಆ ಚಿತ್ರದ ಚೌಕಟ್ಟು ಮಾತ್ರ. 2019ರಲ್ಲಿ ಅಲ್ಲಿ ನಡೆದ ವ್ಯಾನ್ ಗೋ ಪ್ರದರ್ಶನದಲ್ಲಿ ಅದನ್ನು ಖಾಲಿಯಾಗಿಯೇ ಗೋಡೆಗೆ ಹಾಕಿದ್ದರು.