ಓವರ್‌ಪಾಸಿಗೆ ಹಾಡುಗಾರರ ಹೆಸರು: ಟೆನೆಸ್ಸೀಗೆ ಹೊಸದಾಗಿ ಬಂದವರ ಪ್ರಶ್ನೆಗೆ

ಬ್ರೆಂಟ್‌ವುಡ್‌ಗೆ ಬಂದು ಇನ್ನೂ ಆರು ತಿಂಗಳಾಗಿಲ್ಲ, ಎಚ್‌-1ಬಿ ವೀಸಾದಲ್ಲಿದ್ದೇನೆ ಎಂದು ಬರೆದಿದ್ದೀರಿ. ತೀರಿಕೊಂಡ ಸ್ಥಳೀಯ ಸ್ಟೀಲ್ ಗಿಟಾರ್ ವಾದಕರೊಬ್ಬರ ಹೆಸರನ್ನು ಹೈವೇ ಓವರ್‌ಪಾಸಿಗೆ, ಅಂದರೆ ಹೈವೇ ಮೇಲಿಂದ ದಾಟುವ ಸೇತುವೆಗೆ, ಇಡಿಸಲು ಬಡಾವಣೆಯವರು ಸಮಿತಿ ಮಾಡಿಕೊಂಡಿದ್ದಾರೆ, ಪಕ್ಕದ ಮನೆಯ ಹಿರಿಯರು ನಿಮ್ಮನ್ನೂ ಕರೆದಿದ್ದಾರೆ. ಸೇರಬಹುದೇ, ದುಡ್ಡು ಕೊಡಬಹುದೇ, ಮನೆಯ ವಿಳಾಸ ಬದಲಾಗುತ್ತದೆಯೇ ಎಂಬುದು ನಿಮ್ಮ ಚಿಂತೆ. ಜೊತೆಗೆ ಸೋನಾ ಮಸೂರಿ, ಚಳಿಗಾಲದ ಟೈರು, ಮಕ್ಕಳ ಶಾಲೆಯನ್ನೂ ಕೇಳಿದ್ದೀರಿ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಅಕ್ಕಿ ಸಿಗುತ್ತದೆ. ಟೈರು ಬೇಡ, ಹಿಮ ಬಿದ್ದ ದಿನ ಕಾರನ್ನೇ ತೆಗೆಯಬೇಡಿ. ಸರ್ಕಾರಿ ಶಾಲೆ ಯಾವುದೆಂಬುದು ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ, ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನವೇ ನೋಡಿಕೊಳ್ಳಿ. ಇನ್ನು ಸೇತುವೆಗೆ ಬರೋಣ. ನಾನು ಬಂದ ಕಾಲದಲ್ಲಿ ಇಂಥದ್ದನ್ನು ಬಿಡಿಸಿ ಹೇಳುವವರು ಇರಲಿಲ್ಲ, ಹಾಗಾಗಿ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಈ ಪ್ರದೇಶಕ್ಕೆ ಇದು ಹೊಸ ಚಾಳಿಯಲ್ಲ. ನಿಮ್ಮ ಪಕ್ಕದಲ್ಲೇ ಹೋಗುವ ಐ-65 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಅಲಬಾಮಾಗೆ ಇಳಿದರೆ, ಜಾರ್ಜಿಯಾನಾ ಮತ್ತು ಮಾಂಟ್‌ಗೊಮರಿ ನಡುವಿನ ಸುಮಾರು 60 ಮೈಲಿಗೆ 1997ರಿಂದ ಕಂಟ್ರಿ ಸಂಗೀತದ (ಅಮೆರಿಕದ ಹಳ್ಳಿಗಾಡು ಮೂಲದ ಸಂಗೀತ) ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಹೆಸರಿದೆ. ಉತ್ತರದಲ್ಲಿ ಕೆಂಟಕಿಯವರು 1994ರಲ್ಲಿ ಯುಎಸ್ 23 ಹೆದ್ದಾರಿಯನ್ನೇ ಕಂಟ್ರಿ ಸಂಗೀತದ ಹೆದ್ದಾರಿ ಎಂದು ಕರೆದರು. ಗಾಯಕಿ ಲೊರೆಟ್ಟಾ ಲಿನ್ ಹುಟ್ಟಿದ ಜಾನ್ಸನ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅದೇ ದಾರಿಯಲ್ಲಿದೆ. ಜಾರ್ಜಿಯಾದ ಐ-185ರ ಒಂದು ಭಾಗ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಹೆಸರಿನಲ್ಲಿದೆ. ನಮ್ಮಲ್ಲಿ ಕ್ರಿಸ್‌ಮಸ್ ಬಂತೆಂದರೆ ಬೆಂಗಳೂರಿನ ದಂಡು ಪ್ರದೇಶದ ಮನೆಗಳಲ್ಲಿ ಜಿಮ್ ರೀವ್ಸ್ ಹಾಡುತ್ತಿದ್ದರಲ್ಲ, 1964ರ ಜುಲೈ 31ರಂದು ಅವರ ಪುಟ್ಟ ವಿಮಾನ ಬಿದ್ದದ್ದು ನೀವಿರುವ ಬ್ರೆಂಟ್‌ವುಡ್ ಬಳಿಯೇ. ಅಷ್ಟರಮಟ್ಟಿಗೆ ಈ ಸಂಗೀತ ನಮಗೂ ತೀರಾ ಪರಕೀಯವಲ್ಲ.

ಹೆಸರಿಡುವುದರಲ್ಲಿ ಎರಡು ಬಗೆ. ಒಂದು, ವಿಳಾಸವೇ ಬದಲಾಗುವಂಥದ್ದು. ಹೆಂಡರ್ಸನ್‌ವಿಲ್‌ನ ಜಾನಿ ಕ್ಯಾಶ್ ಪಾರ್ಕ್‌ವೇ, ವರ್ಜೀನಿಯಾದ ಹಿಲ್ಟನ್ಸ್‌ನ ಎ.ಪಿ. ಕಾರ್ಟರ್ ಹೈವೇ, ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನ ಬಕ್ ಓವೆನ್ಸ್ ಬುಲೆವಾರ್ಡ್ ಈ ಸಾಲಿನವು. ಅಲ್ಲಿ ಅಂಚೆ, 911 ತುರ್ತು ಸೇವೆ, ಅಂಗಡಿಗಳ ಬೋರ್ಡು ಎಲ್ಲವೂ ಹೊಸ ಹೆಸರಿಗೆ ಹೊಂದಿಕೊಳ್ಳಬೇಕು. ಅದೇ ಕೌಂಟಿಯಲ್ಲಿ ಇನ್ನೊಂದು ರಸ್ತೆಗೆ ಅದನ್ನೇ ಹೋಲುವ ಹೆಸರಿದ್ದರೆ ಆಂಬುಲೆನ್ಸ್ ದಾರಿ ತಪ್ಪೀತೆಂದು ಆಕ್ಷೇಪ ಬರುತ್ತದೆ. ಇನ್ನೊಂದು, ಬರೀ ಗೌರವಕ್ಕಾಗಿ ಇಡುವ ಹೆಸರು. ಸೇತುವೆಗಳೆಲ್ಲ ಬಹುಮಟ್ಟಿಗೆ ಈ ಎರಡನೆಯ ಬಗೆ. ಟೆನೆಸ್ಸೀಯ ಇಂಥ ಕಾಯ್ದೆಗಳಲ್ಲಿ, ಈ ಹೆಸರಿನಿಂದ ಯಾವ ವಿಳಾಸವೂ ಬದಲಾಗಬೇಕಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಡ್ರೈವಿಂಗ್ ಲೈಸೆನ್ಸು, ವೀಸಾ ಕಾಗದ ಇದ್ದ ಹಾಗೇ ಇರುತ್ತವೆ.

ಸಮಿತಿ ಮೊದಲು ಕೇಳಿಕೊಳ್ಳಬೇಕಾದ್ದು ಸೇತುವೆ ಯಾರದು ಎಂದು. ಓವರ್‌ಪಾಸ್ ಮೇಲಿನ ರಸ್ತೆ ಊರಿನದ್ದಾಗಿದ್ದು, ಸೇತುವೆಯ ಕಟ್ಟಡ ಮಾತ್ರ ರಾಜ್ಯ ಸಾರಿಗೆ ಇಲಾಖೆಯ ನಿರ್ವಹಣೆಯಲ್ಲಿರುವುದು ಸಾಮಾನ್ಯ. ರಾಷ್ಟ್ರೀಯ ಸೇತುವೆ ದಾಖಲೆಯಲ್ಲಿ 20 ಅಡಿಗಿಂತ ಉದ್ದದ ಪ್ರತಿ ಸೇತುವೆಗೂ ಒಂದು ಸಂಖ್ಯೆ, ಮಾಲೀಕರು, ನಿರ್ವಹಿಸುವವರು ಎಂದು ನಮೂದಿರುತ್ತದೆ. ಯಾರು ಬೇಕಾದರೂ ನೋಡಬಹುದು. ಜನ ಬಾಯಿಮಾತಿಗೆ ಸೇತುವೆ ಎನ್ನುವುದು ಒಮ್ಮೊಮ್ಮೆ ಈ ಅಳತೆಗೂ ಬಾರದ ಮೋರಿಯಾಗಿರುತ್ತದೆ. ಹೋಗುವ ದಿಕ್ಕಿಗೊಂದು ಬರುವ ದಿಕ್ಕಿಗೊಂದು ಎಂದು ಜೋಡಿ ಸೇತುವೆಗಳಿದ್ದರೆ ದಾಖಲೆಯಲ್ಲಿ ಅವು ಎರಡು. ಕರಡಿನಲ್ಲಿ ಎರಡನ್ನೂ ಹೇಳದಿದ್ದರೆ ಹೆಸರು ಒಂದು ದಿಕ್ಕಿಗೆ ಮಾತ್ರ ಬಿದ್ದೀತು.

ಆಮೇಲೆ, ಆ ಸೇತುವೆಗೆ ಈಗಾಗಲೇ ಹೆಸರಿದೆಯೇ ನೋಡಿ. ಫಲಕ ಕಾಣದಿದ್ದರೆ ಹೆಸರಿಲ್ಲ ಎಂದುಕೊಳ್ಳಬೇಡಿ. ಯುದ್ಧದಲ್ಲಿ ಮಡಿದ ಸೈನಿಕರ, ಕರ್ತವ್ಯದಲ್ಲಿ ಸತ್ತ ಪೊಲೀಸರ ಹೆಸರನ್ನು ಹಿಂದೆ ಯಾವಾಗಲೋ ಇಟ್ಟಿದ್ದು, ಫಲಕ ಬಿದ್ದು ಕಾಯ್ದೆ ಮಾತ್ರ ಉಳಿದಿರಬಹುದು. ಅಂಥ ಹೆಸರನ್ನು ತೆಗೆದು ಹಾಡುಗಾರರ ಹೆಸರು ಹಾಕಿಸಲು ಹೊರಟರೆ ಊರು ಎರಡು ಹೋಳಾಗುತ್ತದೆ. ಬೇರೆ ಸೇತುವೆ ಹುಡುಕುವುದೇ ವಾಸಿ.

ಇನ್ನು ಬೇಕಾಗುವ ಕಾಗದಗಳು. ವಾದಕರ ಕುಟುಂಬದ ಒಪ್ಪಿಗೆ ಪತ್ರ ಮೊದಲನೆಯದು. ಹೆಂಡತಿ ಒಪ್ಪಿ ಮೊದಲ ಮದುವೆಯ ಮಕ್ಕಳು ಒಪ್ಪದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಹತ್ತಿರದವರೆಲ್ಲರ ಸಹಿ ಇರಲಿ. ಊರಿನ ಅಥವಾ ಕೌಂಟಿಯ ಆಯೋಗದಿಂದ (ಚುನಾಯಿತ ಆಡಳಿತ ಮಂಡಳಿಯಿಂದ) ಬೆಂಬಲದ ನಿರ್ಣಯ ಎರಡನೆಯದು. ಇದು ಎಲ್ಲ ಕಡೆ ಕಡ್ಡಾಯವಲ್ಲ, ಆದರೆ ನಾಳೆ ವಿರೋಧ ಎದ್ದರೆ ಶಾಸಕರಿಗೆ ಇದೇ ಆಸರೆ. ಒಂದು ಪುಟ ಮೀರದ ಜೀವನ ವಿವರ ಮೂರನೆಯದು: ಹುಟ್ಟಿದ್ದೆಲ್ಲಿ, ಯಾರ ಜೊತೆ ನುಡಿಸಿದರು, ಊರಿಗೆ ಏನು ಮಾಡಿದರು. ನಾಲ್ಕನೆಯದು ನಕ್ಷೆ. ಅದರಲ್ಲಿ ರಸ್ತೆಯ ಸಂಖ್ಯೆ, ಯಾವುದರ ಮೇಲೆ ದಾಟುತ್ತದೆ, ಕೌಂಟಿ, ಮೈಲಿಗುರುತು, ಸೇತುವೆ ಸಂಖ್ಯೆ ಇಷ್ಟೂ ಇರಬೇಕು. ಬರೀ ಸಂಖ್ಯೆ ಬರೆದರೆ ಹಳೆಯ ಸೇತುವೆ ಕೆಡವಿ ಹೊಸದು ಕಟ್ಟಿದ ದಿನ ಹೆಸರು ಯಾವುದಕ್ಕೆ ಸೇರಿತು ಎಂಬ ತಕರಾರು ಬರುತ್ತದೆ. ಬರೀ ಜಾಗ ಬರೆದರೆ ಪಕ್ಕದ ಸೇತುವೆಗೆ ಫಲಕ ಹೋದೀತು.

ರಾಜ್ಯದ ಸೇತುವೆಗೆ ಟೆನೆಸ್ಸೀಯಲ್ಲಿ ಶಾಸನಸಭೆಯ ಕಾಯ್ದೆಯೇ ಆಗಬೇಕು. 99 ಜನರ ಕೆಳಮನೆಯಲ್ಲಿ ಒಬ್ಬರು, 33 ಜನರ ಸೆನೆಟ್‌ನಲ್ಲಿ ಒಬ್ಬರು ಒಂದೇ ಮಸೂದೆಯನ್ನು ಮಂಡಿಸಬೇಕು. ಅಧಿವೇಶನ ಜನವರಿಯ ಎರಡನೇ ಮಂಗಳವಾರ ಶುರುವಾಗುತ್ತದೆ, ಮಸೂದೆ ಸಲ್ಲಿಸುವ ಗಡುವು ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ಅಂದರೆ ಶರತ್ಕಾಲದಲ್ಲೇ ಶಾಸಕರ ಮುಂದೆ ಕಾಗದ ಇರಬೇಕು. ಇಂಥ ಹಲವು ಹೆಸರುಗಳನ್ನು ಒಂದೇ ದೊಡ್ಡ ಮಸೂದೆಗೆ ಸೇರಿಸುವ ರೂಢಿಯೂ ಇದೆ. ಆಗ ನಿಮ್ಮ ಓವರ್‌ಪಾಸ್ ಆ ಉದ್ದ ಪಟ್ಟಿಯಲ್ಲಿ ಒಂದು ಕಲಮು ಅಷ್ಟೇ. ಮೊದಲು ಕೊಟ್ಟ ಸ್ವತಂತ್ರ ಮಸೂದೆಯ ಸಂಖ್ಯೆಯನ್ನೇ ನೋಡುತ್ತ ಕೂತರೆ ಅದು ಅಲ್ಲಾಡುವುದೇ ಇಲ್ಲ, ಹೆಸರು ಬೇರೆ ಸಂಖ್ಯೆಯಡಿ ಪಾಸಾಗಿರುತ್ತದೆ. ಎರಡೂ ಮನೆ ದಾಟಿದ ಮೇಲೆ ಗವರ್ನರ್ ಸಹಿ. ಪಶ್ಚಿಮ ವರ್ಜೀನಿಯಾದಲ್ಲಾದರೆ ಎರಡೂ ಮನೆಯ ಜಂಟಿ ನಿರ್ಣಯ ಸಾಕು, ಅಲ್ಲಿನ ಸ್ನೇಹಿತರು ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಬೇಡಿ.

ಈಗ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಓದಿ, ನಮ್ಮವರು ಎಡವುವುದು ಇಲ್ಲೇ. ಕಾಯ್ದೆಯಾದ ಮಾತ್ರಕ್ಕೆ ಫಲಕ ಏಳುವುದಿಲ್ಲ. ಅಪ್ಪು ಹೆಸರನ್ನು ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆವರೆಗಿನ ವರ್ತುಲ ರಸ್ತೆಗೆ ಇಟ್ಟಾಗ, 2023ರಲ್ಲಿ, ಮುಖ್ಯಮಂತ್ರಿಗಳೇ ನಿಂತು ಉದ್ಘಾಟಿಸಿದರು. ಅಲ್ಲಿ ಹೆಸರು ಇಟ್ಟವರೂ ಬೋರ್ಡು ಹಾಕಿದವರೂ ಸರ್ಕಾರದವರೇ. ಇಲ್ಲಿ ಕಾಯ್ದೆ ಹೇಳುವುದು ಬೇರೆ: ಫಲಕ ಮಾಡಿಸಿ ನಿಲ್ಲಿಸುವ ಅಂದಾಜು ವೆಚ್ಚವನ್ನು, ಕಾಯ್ದೆ ಜಾರಿಗೆ ಬಂದ ಒಂದು ವರ್ಷದೊಳಗೆ, ರಾಜ್ಯದ್ದಲ್ಲದ ಹಣದಿಂದ ಸಾರಿಗೆ ಇಲಾಖೆಗೆ ಕಟ್ಟಬೇಕು. ಕಟ್ಟುವ ತನಕ ಇಲಾಖೆ ಒಂದು ಕಾಸನ್ನೂ ಬಿಚ್ಚುವುದಿಲ್ಲ. ಕಟ್ಟದಿದ್ದರೆ ಆ ಕಲಮಿಗೆ ಜೀವವೇ ಬರುವುದಿಲ್ಲ. ಫಲಕ ನಿಂತ ಮೇಲೆ ಹಣ ಮಿಕ್ಕಿದ್ದರೆ 30 ದಿನದಲ್ಲಿ ವಾಪಸು. ಹೆಚ್ಚು ತಗುಲಿದರೆ ವಿವರವಾದ ಬಿಲ್ ಬಂದ 30 ದಿನದಲ್ಲಿ ನೀವು ತುಂಬಬೇಕು. ಇದರಿಂದ ಫೆಡರಲ್ ನಿಯಮಕ್ಕೆ ಭಂಗವಿಲ್ಲ ಎಂಬ ಷರತ್ತೂ ಜೊತೆಗಿರುತ್ತದೆ. ಟೆಕ್ಸಾಸಿನಲ್ಲೂ ಖಾಸಗಿ ದೇಣಿಗೆ ಬಾರದೆ ಇಲಾಖೆ ಫಲಕ ಹಾಕಲೇಬೇಕೆಂದಿಲ್ಲ.

ಮಸೂದೆ ಪಾಸಾದ ದಿನ ಎಲ್ಲರೂ ಕೈಕುಲುಕಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅಂದಾಜು ಪತ್ರ ಯಾರ ವಿಳಾಸಕ್ಕೆ ಬರಬೇಕು ಎಂಬುದನ್ನು ಯಾರೂ ಬರೆಸಿರುವುದಿಲ್ಲ, ವರ್ಷ ಕಳೆಯುತ್ತದೆ. ಆದ್ದರಿಂದ ನಿಮ್ಮ ಸಮಿತಿ ಒಬ್ಬರನ್ನು ಹಣಕ್ಕೆ ಹೊಣೆ ಮಾಡಲಿ. ತೆರಿಗೆ ವಿನಾಯಿತಿ ಇರುವ ಯಾವುದಾದರೂ ಲಾಭರಹಿತ ಸಂಸ್ಥೆಯ ಖಾತೆಗೆ ದೇಣಿಗೆ ಹೋಗಲಿ, ಯಾರ ಸ್ವಂತ ಖಾತೆಗೂ ಬೇಡ. ಅದರಲ್ಲೂ ನಿಮ್ಮ ಖಾತೆಗೆ ಖಂಡಿತ ಬೇಡ. ಲೆಕ್ಕದಲ್ಲಿ ಚುರುಕಾಗಿದ್ದಾನೆ ಎಂದು ಹೊಸ ಹುಡುಗನ ಹೆಗಲಿಗೇ ಹಾಕುವುದುಂಟು, ನಯವಾಗಿ ಜಾರಿಕೊಳ್ಳಿ.

ಫಲಕದ ಮೇಲೆ ಗಿಟಾರ್ ಚಿತ್ರ ಹಾಕಿಸಬೇಕೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುವುದಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಸಂಚಾರ ಫಲಕಗಳ ಕೈಪಿಡಿಯ ಪ್ರಕಾರ ಸ್ಮಾರಕ ಫಲಕ ಆಯತಾಕಾರವಾಗಿರಬೇಕು, ಹೆಸರು ಮತ್ತು ಒಂದು ಸರಳ ಒಕ್ಕಣೆ ಮಾತ್ರ ಇರಬೇಕು. ಜೀವನ ವಿವರ, ಚಿತ್ರ, ಲಾಂಛನ ಯಾವುದೂ ಕೂಡದು. ರಸ್ತೆಯ ಪ್ರತಿ ದಿಕ್ಕಿಗೆ ಒಂದೇ ಫಲಕ, ಅದೂ ಬೇರೆಯಾಗಿ ನಿಂತಿರಬೇಕು, ದಾರಿ ತೋರಿಸುವ ಫಲಕದ ಮೇಲೆ ಈ ಹೆಸರು ಬರಕೂಡದು. ನಿಜ ಹೇಳಬೇಕೆಂದರೆ ಆ ಕೈಪಿಡಿಗೆ ಇಂಥ ಹೆಸರುಗಳು ರಸ್ತೆ ಬದಿಯಲ್ಲಿ ಇರುವುದೇ ಅಷ್ಟು ಇಷ್ಟವಿಲ್ಲ, ವಿಶ್ರಾಂತಿ ತಾಣದಲ್ಲೋ ನೋಟದ ತಾಣದಲ್ಲೋ ಹಾಕಿ ಎನ್ನುತ್ತದೆ. ಹೆಸರು ಉದ್ದವಾದಷ್ಟೂ ಅಲ್ಯೂಮಿನಿಯಂ ಹಾಳೆ ಅಗಲವಾಗುತ್ತದೆ, ಕಂಬ ಹೆಚ್ಚಾಗುತ್ತದೆ, ಖರ್ಚು ಏರುತ್ತದೆ. ಅಡ್ಡಹೆಸರು ಸೇರಿಸುವ ಮುನ್ನ ಇದನ್ನು ನೆನಪಿಡಿ. ಓವರ್‌ಪಾಸಾದ್ದರಿಂದ ಇನ್ನೊಂದು ಮಾತು: ಫಲಕ ಮೇಲಿನ ರಸ್ತೆಯವರಿಗೆ ಕಾಣಬೇಕೋ ಕೆಳಗೆ ಹೈವೇಯಲ್ಲಿ ಹೋಗುವವರಿಗೋ? ಕುಟುಂಬದ ಆಸೆ ಸಾಮಾನ್ಯವಾಗಿ ಕೆಳಗಿನದು, ಇಲಾಖೆಯ ಒಲವು ಮೇಲಿನದು. ಮೊದಲೇ ಕೇಳಿಟ್ಟುಕೊಳ್ಳಿ. ಪ್ರಸಿದ್ಧರ ಹೆಸರಿನ ಫಲಕ ಕದಿಯುವ ಅಭಿಮಾನಿಗಳೂ ಇದ್ದಾರೆ ಮಾರಾಯ್ರೇ, ಮತ್ತೆ ಹಾಕುವ ಖರ್ಚು ಯಾರದೆಂದೂ ಆಗಲೇ ಕೇಳಿ. ಅನಾವರಣವನ್ನು ಹೈವೇ ಅಂಚಿನಲ್ಲಿ ಮಾಡಲು ಬಿಡುವುದಿಲ್ಲ. ಚರ್ಚಿನಲ್ಲೋ ಶಾಲೆಯ ಹಾಲಿನಲ್ಲೋ ಫಲಕದ ಪ್ರತಿಯೊಂದನ್ನು ಇಟ್ಟು ಮಾಡುತ್ತಾರೆ, ಆ ಪ್ರತಿ ಕುಟುಂಬಕ್ಕೆ ಹೋಗುತ್ತದೆ.

ಇನ್ನು ನಿಮ್ಮ ವಿಚಾರ. ಸಮಿತಿಗೆ ಸೇರಬಹುದು, ಶಾಸಕರಿಗೆ ಪತ್ರ ಬರೆಯಬಹುದು, ಸಭೆಯಲ್ಲಿ ಎದ್ದು ಮಾತಾಡಬಹುದು, ಫಲಕದ ನಿಧಿಗೆ ದುಡ್ಡೂ ಕೊಡಬಹುದು. ಆದರೆ ಅದೇ ಶಾಸಕರ ಚುನಾವಣಾ ನಿಧಿಗೆ ಒಂದು ಡಾಲರೂ ಕೊಡಬೇಡಿ. ಗ್ರೀನ್ ಕಾರ್ಡ್ ಕೂಡ ಇಲ್ಲದ ವಿದೇಶಿಯರು ಫೆಡರಲ್, ರಾಜ್ಯ, ಊರು ಯಾವ ಮಟ್ಟದ ಚುನಾವಣೆಗೂ ದೇಣಿಗೆ ಕೊಡುವುದನ್ನು ಕಾನೂನು ತಡೆಯುತ್ತದೆ. ನಿಧಿ ಸಂಗ್ರಹದ ಊಟದ ಟಿಕೆಟ್ಟೂ ದೇಣಿಗೆಯೇ. ಬೇರೆಯವರ ಹೆಸರಿನಲ್ಲಿ ಕೊಟ್ಟರೆ ಇನ್ನೊಂದು ತಪ್ಪು. ಸಂಗೀತ ಕಾರ್ಯಕ್ರಮದ ಮೇಜಿನ ಮೇಲೆ ಮತದಾರರ ನೋಂದಣಿ ಅರ್ಜಿಯನ್ನೂ ಇಟ್ಟಿರುತ್ತಾರೆ. ನಗುನಗುತ್ತ ಪೆನ್ನು ಕೊಡುತ್ತಾರೆ, ದಾಕ್ಷಿಣ್ಯಕ್ಕೆ ಬೀಳಬೇಡಿ. ಪೌರರೆಂದು ತಪ್ಪಾಗಿ ಹೇಳಿಕೊಂಡ ಒಂದು ಸಹಿ ಮುಂದೆ ಗ್ರೀನ್ ಕಾರ್ಡಿಗೇ ಅಡ್ಡ ಬರುತ್ತದೆ. ಸೇತುವೆಯ ಮನವಿ ಪತ್ರದಲ್ಲೂ "ನೋಂದಾಯಿತ ಮತದಾರ" ಎಂಬ ಮಾತು ಮುದ್ರಿತವಾಗಿದ್ದರೆ ಸಹಿ ಬಿಟ್ಟು, ಬೇರೆ ಹಾಳೆಯಲ್ಲಿ ನಿವಾಸಿ ಎಂದು ಪತ್ರ ಬರೆದುಕೊಡಿ.

ಇಷ್ಟು ಹೇಳಿ ಹೆದರಿಸಿದೆನೇನೋ. ಹೋಗಬೇಡಿ ಎಂದು ಹೇಳುತ್ತಿಲ್ಲ. ನಮ್ಮವರು ಇಲ್ಲಿ ಮನೆ ಕಟ್ಟಿದರು, ನ್ಯಾಶ್‌ವಿಲ್‌ನಲ್ಲಿ ಗಣೇಶನ ಗುಡಿಯೂ ಇದೆ, ರಾಜ್ಯೋತ್ಸವವೂ ಆಗುತ್ತದೆ. ಊರಿನ ಆಯೋಗದ ಸಭೆಯಲ್ಲಿ ಮಾತ್ರ ನಮ್ಮ ಮುಖ ಕಾಣುವುದು ಕಡಿಮೆ, ಅದೊಂದು ಕೊರಗು ನನಗೆ ಹೋಗಿಲ್ಲ. ಆ ಹಿರಿಯರು ಬಾಗಿಲು ತಟ್ಟಿ ಕರೆದದ್ದು ನಿಮ್ಮ ದುಡ್ಡಿಗಾಗಿ ಇರಲಾರದು. ಮೊದಲ ಸಭೆಗೆ ಏನಾದರೂ ತಿಂಡಿ ಮಾಡಿಕೊಂಡು ಹೋಗಿ, ಖಾರ ಕಡಿಮೆ ಇರಲಿ. ಸೇತುವೆ ದಾಖಲೆ ನೋಡಿ ಮಾಲೀಕರನ್ನು ಹುಡುಕುವ ಕೆಲಸ ನೀವೇ ವಹಿಸಿಕೊಳ್ಳಿ, ಕಂಪ್ಯೂಟರ್ ಮುಂದೆ ಒಂದು ಸಂಜೆಯ ಕೆಲಸ. ಕರಡು ಸಿದ್ಧವಾದ ಮೇಲೆ ಜಾಗ ಹೇಳುವ ಆ ಒಂದು ಸಾಲನ್ನು ನನಗೆ ಕಳಿಸಿ, ಶಾಸಕರ ಕೈಗೆ ಹೋಗುವ ಮುಂಚೆ ನೋಡಿಕೊಡುತ್ತೇನೆ.