ಟ್ರಂಕಿನಲ್ಲಿ ಹಾಗೇ ಉಳಿದ ರಗ್ಗು

ತಾಯಿಯನ್ನು ಕಳೆದುಕೊಂಡ ಒಬ್ಬ ಮಗನ ಪ್ರಕರಣ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಐವತ್ತರ ಆಸುಪಾಸು. ಒಳ್ಳೆಯ ಕೆಲಸ, ಸ್ವಂತ ಮನೆ, ಓದುತ್ತಿರುವ ಇಬ್ಬರು ಮಕ್ಕಳು. ತಾಯಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದದ್ದು ಹೆಂಡತಿ.

"ಇವರು ಮಂಚದ ಮೇಲೆ ಮಲಗೋದೇ ಬಿಟ್ಟಿದ್ದಾರೆ ಮೇಡಂ. ಸೆಕೆ ಇದ್ರೂ ಫ್ಯಾನ್ ಹಾಕ್ಕೊಳ್ಳಲ್ಲ. ಮಕ್ಕಳು ಒಂದು ಶೂ ಕೇಳಿದ್ರೂ ರೇಗ್ತಾರೆ."

ಅವರು ತಲೆ ತಗ್ಗಿಸಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಅಮ್ಮ ಜೀವನಪೂರ್ತಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ರು. ನಾನು ಯಾವ ಮುಖ ಇಟ್ಕೊಂಡು ಹಾಸಿಗೆ ಮೇಲೆ ಮಲಗಲಿ?"

ಇಂಥವರು ಬಂದಾಗ ಮೊದಲು ನೋಡಬೇಕಾದದ್ದು, ದುಃಖ ಕಾಯಿಲೆಯ ಮಟ್ಟಕ್ಕೆ ಹೋಗಿದೆಯೇ ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ 2022ರಿಂದ ಜಾರಿಯಲ್ಲಿದೆ. ತಿಂಗಳುಗಟ್ಟಲೆ ಬಿಡದೆ ಕಾಡುವ, ಬದುಕನ್ನೇ ನಿಲ್ಲಿಸಿಬಿಡುವ ದುಃಖಕ್ಕೆ ಅದರಲ್ಲಿ ಪ್ರತ್ಯೇಕ ಹೆಸರಿದೆ. ಅದಕ್ಕೆ ಕನಿಷ್ಠ ಆರು ತಿಂಗಳಾದರೂ ಕಳೆದಿರಬೇಕು. ಅಮೆರಿಕದ ಮನೋವೈದ್ಯರ ಪಟ್ಟಿ ದೊಡ್ಡವರ ವಿಷಯದಲ್ಲಿ ಒಂದು ವರ್ಷ ಕಾಯುತ್ತದೆ. ಹಾಗಂತ ಕ್ಯಾಲೆಂಡರ್ ಒಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಊಟ, ನಿದ್ರೆ, ಕೆಲಸ, ಸಾಯಬೇಕೆಂಬ ಯೋಚನೆ, ಎಲ್ಲವನ್ನೂ ನೇರವಾಗಿಯೇ ಕೇಳಿದೆ. ಅವರು ದಿನಾ ಆಫೀಸಿಗೆ ಹೋಗುತ್ತಿದ್ದರು. ಸಾಯುವ ಯೋಚನೆ ಇರಲಿಲ್ಲ. ಮನೋವೈದ್ಯರ ಬಳಿ ತಕ್ಷಣ ಕಳಿಸುವ ಅಗತ್ಯ ನನಗೆ ಕಾಣಲಿಲ್ಲ. ಆದರೆ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದದ್ದು ಮಾತ್ರ ಸ್ಪಷ್ಟವಾಗಿತ್ತು.

ಅಮ್ಮನ ಬಗ್ಗೆ ಹೇಳಿ ಎಂದೆ. ಹೇಳಿದರು. ಕತ್ತಲಿರುವಾಗಲೇ ಎದ್ದು ಕೊಟ್ಟಿಗೆ ಬಳಿಯುತ್ತಿದ್ದರು. ಬಾವಿಯಿಂದ ನೀರು ಸೇದುತ್ತಿದ್ದರು. ಬಿಸಿಲಲ್ಲಿ ಕಳೆ ಕೀಳುತ್ತಿದ್ದರು. ಒಂದು ಊರು ಸುತ್ತಲಿಲ್ಲ, ಒಂದು ಒಳ್ಳೆ ಚಪ್ಪಲಿ ಹಾಕಲಿಲ್ಲ. ಪ್ರತಿ ಮಾತೂ ಅಮ್ಮನಿಗೆ ಏನು ಸಿಗಲಿಲ್ಲ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ಅಷ್ಟೆಲ್ಲ ಕೇಳಿದ ಮೇಲೂ ಆ ತಾಯಿ ಹೇಗಿದ್ದರು ಎಂದು ನನಗೆ ಗೊತ್ತಾಗಿರಲಿಲ್ಲ. ಯಾವುದಕ್ಕೆ ನಗುತ್ತಿದ್ದರು, ಯಾರ ಮೇಲೆ ಸಿಟ್ಟಾಗುತ್ತಿದ್ದರು, ಯಾವ ಕೆಲಸದಲ್ಲಿ ಪಳಗಿದ್ದರು, ಒಂದೂ ಆ ಮಾತುಗಳಲ್ಲಿ ಇರಲಿಲ್ಲ.

ಟ್ರಂಕಿನ ಸಂಗತಿ ಆಮೇಲೆ ಬಂತು. ತಾಯಿ ಹೋದ ಮೇಲೆ ಇವರೇ ಅದರ ಬೀಗ ತೆಗೆದರಂತೆ. ವರ್ಷ ವರ್ಷ ಇವರು ತಂದುಕೊಟ್ಟದ್ದೆಲ್ಲ ಒಳಗೆ ಹಾಗೇ ಇತ್ತು. ದಪ್ಪನೆಯ ರಗ್ಗು, ಅದರ ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಮೆತ್ತನೆಯ ಚಪ್ಪಲಿ, ಅಡಿಯಲ್ಲಿ ಬೆಲೆಯ ಚೀಟಿ ಸಮೇತ. ಟಾರ್ಚು, ಅದರ ಪಕ್ಕದಲ್ಲೇ ಬಿಚ್ಚದ ಸೆಲ್ಲು. "ಒಂದನ್ನೂ ಅನುಭವಿಸಲಿಲ್ಲ ಮೇಡಂ" ಎಂದು ಅತ್ತರು. ನೆಲದ ಮೇಲೆ ಮಲಗಲು ಶುರು ಮಾಡಿದ್ದು ಅವತ್ತಿನಿಂದ.

"ಇವೆಲ್ಲ ಬೇಕು ಅಂತ ಅಮ್ಮ ಯಾವತ್ತಾದ್ರೂ ಕೇಳಿದ್ರಾ?"

"ಇಲ್ಲ. ನನಗೆ ಇರೋದೇ ಸಾಕು ಅಂತಿದ್ರು. ನಾವೇನು ಅದನ್ನ ನಂಬೋಕಾಗುತ್ತಾ?"

"ಯಾಕೆ ನಂಬಬಾರದು?"

ಅವರು ಸುಮ್ಮನಾದರು. ಅವತ್ತಿಗೆ ಅದನ್ನು ಅಲ್ಲಿಗೇ ಬಿಟ್ಟೆ. ಉತ್ತರ ನನ್ನಿಂದ ಬರುವುದಕ್ಕಿಂತ ಆ ತಾಯಿಯನ್ನು ಬಲ್ಲವರಿಂದ ಬರುವುದು ಸರಿ ಅನ್ನಿಸಿತು. ತಾಯಿಯ ತಂಗಿ ಇನ್ನೂ ಇದ್ದಾರೆ ಎಂದು ತಿಳಿದಾಗ ಒಂದು ಕೆಲಸ ಹೇಳಿದೆ. ಚಿಕ್ಕಮ್ಮನ ಹತ್ತಿರ ಹೋಗಿ ಕೂತುಕೊಳ್ಳಿ. ಅಮ್ಮ ಪಟ್ಟ ಕಷ್ಟದ ಬಗ್ಗೆ ಕೇಳಬೇಡಿ, ಅದು ನಿಮಗೆ ಬಾಯಿಪಾಠ ಆಗಿದೆ. ಅಮ್ಮನಿಗೆ ಏನು ಇಷ್ಟ ಇತ್ತು, ಯಾವುದರಲ್ಲಿ ಅವರು ಎತ್ತಿದ ಕೈ, ಯಾವುದಕ್ಕೆ ಹಟ ಮಾಡುತ್ತಿದ್ದರು, ಅದನ್ನು ಮಾತ್ರ ಕೇಳಿ. ಬಂದು ಬರೆದಿಡಿ.

ಮುಂದಿನ ಸಲ ಒಬ್ಬರೇ ಬಂದರು, ಕೈಯಲ್ಲಿ ನೋಟ್‌ಬುಕ್ ಇತ್ತು. ಬಿತ್ತನೆಗೆ ಇಟ್ಟ ಕಾಳಿನಲ್ಲಿ ಒಂದನ್ನು ತೆಗೆದು ಅಮ್ಮ ಹಲ್ಲಲ್ಲಿ ಕಚ್ಚಿ ನೋಡುತ್ತಿದ್ದರಂತೆ. ಟಕ್ ಅಂತ ಒಡೆದರೆ ಒಣಗಿದೆ ಅಂತ ಲೆಕ್ಕ. ಹಲ್ಲು ಊರಿದರೆ ಇನ್ನೂ ಬಿಸಿಲು ಬೇಕು. ಪಕ್ಕದ ಹೊಲದವರೂ ಹಿಡಿ ಕಾಳು ತಂದು ಇವರ ಹತ್ತಿರ ತೋರಿಸಿಕೊಂಡು ಹೋಗುತ್ತಿದ್ದರಂತೆ. ಉತ್ತ ಸಾಲು ಸೊಟ್ಟಗಿದ್ದರೆ ಬದುವಿನ ಮೇಲೆ ನಿಂತೇ ಬೈಯುತ್ತಿದ್ದರಂತೆ, ಗಂಡನನ್ನೂ ಬಿಡುತ್ತಿರಲಿಲ್ಲ. ಇದನ್ನು ಹೇಳುವಾಗ ಅವರ ಮುಖದಲ್ಲಿ ಮೊದಲ ಸಲ ನಗು ಕಂಡೆ. ಇನ್ನು ಆ ರಗ್ಗು. ಮನೆಗೆ ಯಾರು ಬಂದರೂ ಟ್ರಂಕು ತೆಗೆದು "ಮಗ ತಂದಿದ್ದು" ಎಂದು ತೋರಿಸಿ, ಕವರ್ ಸಮೇತ ಹಾಗೇ ಒಳಗಿಡುತ್ತಿದ್ದರಂತೆ. ದಪ್ಪ ಹೊದಿಕೆ ಹೊದ್ದರೆ ಅವರಿಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತಂತೆ. ಹಳೇ ತೆಳು ಹೊದಿಕೆಯೇ ಇಷ್ಟ. ಚಿಕ್ಕಮ್ಮ ಗದರಿದರಂತೆ: "ಅನುಭವಿಸಲಿಲ್ಲ ಅಂತ ಯಾಕೋ ಅಳ್ತೀಯ? ಅವಳಷ್ಟು ಅದನ್ನ ಅನುಭವಿಸಿದವರು ಯಾರೂ ಇಲ್ಲ."

ಹಿಂದೆ ಮನಃಶಾಸ್ತ್ರದಲ್ಲಿ, ತೀರಿಹೋದವರ ನಂಟನ್ನು ಕಳಚಿಕೊಂಡರೇನೇ ದುಃಖ ಮುಗಿಯುತ್ತದೆ ಎಂಬ ಅಭಿಪ್ರಾಯ ಗಟ್ಟಿಯಾಗಿತ್ತು. 1996ರಲ್ಲಿ ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ಸಂಶೋಧಕರು ಬೇರೆ ಮಾತು ಹೇಳಿದರು. ನಂಟು ಹರಿಯುವುದಿಲ್ಲ, ರೂಪ ಬದಲಿಸಿ ಉಳಿಯುತ್ತದೆ, ಅದು ತಪ್ಪೂ ಅಲ್ಲ ಎಂದರು. ನನ್ನ ಅನುಭವವೂ ಅದೇ. ಆದರೆ ಈ ಮಗ ನಂಟು ಬೆಳೆಸಿಕೊಂಡಿದ್ದು ತಾಯಿಯ ಜೊತೆಗಲ್ಲ, ತಾಯಿಯ ಬಡತನದ ಜೊತೆಗೆ. ಹೊಲದಲ್ಲಿ ದುಡಿದ ತಾಯಂದಿರ ಮಕ್ಕಳಲ್ಲಿ ನಾನು ಇದನ್ನು ಜಾಸ್ತಿ ಕಾಣುತ್ತೇನೆ. ಓದಿ ಬೇರೆ ಬದುಕಿಗೆ ಬಂದವರ ಕಣ್ಣಿಗೆ ಅಮ್ಮನ ಬದುಕು ಬರೀ ಕೊರತೆಯಾಗಿ ಕಾಣುತ್ತದೆ. ಆ ಬದುಕಿನಲ್ಲಿ ಅವರು ಯಜಮಾನಿಯಾಗಿದ್ದರು, ಜಾಣೆಯಾಗಿದ್ದರು, ಬೇಕಾದ್ದನ್ನು ಆರಿಸಿಕೊಂಡಿದ್ದರು ಎಂಬುದು ಮರೆತೇಹೋಗುತ್ತದೆ. ಕನಿಕರ ತೋರಿಸುತ್ತಾ ತೋರಿಸುತ್ತಾ ಅಮ್ಮನನ್ನು ಚಿಕ್ಕವರನ್ನಾಗಿ ಮಾಡಿಬಿಡುತ್ತೇವೆ, ಅಲ್ವಾ?

ಕಷ್ಟ ಇರಲೇ ಇಲ್ಲ ಎಂದು ನಾನು ಹೇಳಲಿಲ್ಲ. ಇತ್ತು. ಕೊನೆಯ ವರ್ಷಗಳಲ್ಲಿ ತಾಯಿಗೆ ಮಂಡಿ ನೋವಿತ್ತು. ಫೋನಿನಲ್ಲಿ ಕೇಳಿದಾಗಲೆಲ್ಲ "ಏನಿಲ್ಲ" ಎನ್ನುತ್ತಿದ್ದರು, ಇವರೂ ಅಷ್ಟಕ್ಕೇ ಬಿಡುತ್ತಿದ್ದರು. ಈ ಪಶ್ಚಾತ್ತಾಪಕ್ಕೆ ಕಾರಣವಿದೆ. ಅದನ್ನು ಸಮಾಧಾನದ ಮಾತಿನಿಂದ ಒರೆಸಿಹಾಕುವುದು ನನಗೆ ಸರಿ ಕಾಣಲಿಲ್ಲ. ಇಡೀ ಬದುಕಿನ ಮೇಲಿನ ಕನಿಕರವನ್ನು ಪಕ್ಕಕ್ಕಿಟ್ಟು, ಈ ಒಂದು ವಿಷಯಕ್ಕೆ ಮಾತ್ರ ಅಮ್ಮನಿಗೆ ಪತ್ರ ಬರೆಯಿರಿ ಎಂದೆ. ಬರೆದು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ಚಿಕ್ಕಮ್ಮನೂ ಕುಂಟುತ್ತಾ ನಡೀತಾರೆ" ಎಂದರು. ಆ ವಾರವೇ ಅವರನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನೆಲದ ಮೇಲೆ ಮಲಗುವುದಕ್ಕಿಂತ ಇದು ಅಮ್ಮನಿಗೆ ಖಂಡಿತ ಇಷ್ಟವಾಗುತ್ತಿತ್ತು ಎಂದು ಹೇಳಿದೆ. ಮಂಚಕ್ಕೆ ಮರಳಿ ಎಂದು ನಾನು ಒತ್ತಾಯ ಮಾಡಿರಲಿಲ್ಲ. ಕೆಲವು ದಿನಗಳಲ್ಲಿ ಅವರಾಗಿಯೇ ಮರಳಿದರು.

ಜೊತೆಗೆ ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಇದು. ದುಃಖಪಡುವುದಕ್ಕೂ ಹೊತ್ತು ಕೊಡಿ, ದುಃಖ ಮರೆಯುವುದಕ್ಕೂ ಹೊತ್ತು ಕೊಡಿ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಸಂಶೋಧಕರು 1999ರಲ್ಲಿ ವಿವರಿಸಿದ್ದು ಇದನ್ನೇ: ಮನಸ್ಸು ಅಗಲಿಕೆಯ ಕಡೆಗೂ, ನಿತ್ಯದ ಬದುಕಿನ ಕಡೆಗೂ ಹೋಗಿ ಬಂದು ಮಾಡುತ್ತಲೇ ಸುಧಾರಿಸಿಕೊಳ್ಳುತ್ತದೆ. ಮಕ್ಕಳ ಜೊತೆ ಆಡುವಾಗ ಅಮ್ಮನ ನೆನಪು ಬರಲಿಲ್ಲ ಎಂದರೆ ಅದು ದ್ರೋಹವಲ್ಲ. ಮಕ್ಕಳಿಗೆ ಅಜ್ಜಿಯ ಕಥೆ ಹೇಳುವಾಗ "ಅಜ್ಜಿಗೆ ಶೂ ಇರಲಿಲ್ಲ" ಎಂದು ಶುರು ಮಾಡಬೇಡಿ, ಕಾಳು ಕಚ್ಚಿ ನೋಡುತ್ತಿದ್ದದ್ದನ್ನು ಹೇಳಿ. ಕೊಟ್ಟಿಗೆ, ಹೊಲ, ಪಾತ್ರೆ ಪಗಡೆ ಏನು ಮಾಡಬೇಕು ಎಂಬುದನ್ನು ಅಳು ಜೋರಾಗಿರುವ ದಿನಗಳಲ್ಲಿ ತೀರ್ಮಾನಿಸಬೇಡಿ.

ಇದೇ ಸ್ಥಿತಿಯಲ್ಲಿರುವ ಓದುಗರಿಗೆ ಒಂದು ಮಾತು. ತಿಂಗಳುಗಟ್ಟಲೆ ನಿದ್ರೆ ಇಲ್ಲದಿದ್ದರೆ, ಕೆಲಸಕ್ಕೆ ಹೋಗಲು ಆಗದಿದ್ದರೆ, ಅಮ್ಮನ ಹತ್ತಿರವೇ ಹೋಗಿಬಿಡೋಣ ಅನ್ನಿಸುತ್ತಿದ್ದರೆ, ನೆನಪು ಬರೆದಿಡುವುದೊಂದೇ ಸಾಲದು. ತಡ ಮಾಡದೆ ಮನೋವೈದ್ಯರನ್ನು ಕಾಣಿ. ಮನೆಯವರಿಗೂ ಹೇಳಿ.

ಹೊಲದ ವಿಷಯ ಅವರ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮಾರಿಬಿಡೋಣ ಎನ್ನುವುದು ಇವರ ತಂಗಿಯ ಮನಸ್ಸು, ಇವರಿಗೆ ಅದು ಇಷ್ಟವಿಲ್ಲ. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬನ್ನಿ ಎಂದು ಹೇಳಿದ್ದೇನೆ.