ಓದುಗರ ಪ್ರಶ್ನೆ: ಅಜ್ಜ ಓದಿದ ಕಲ್ಲಿನ ಶಾಲೆ

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ನಮ್ಮೂರಿನ ಕಲ್ಲಿನ ಕನ್ನಡ ಶಾಲೆಯಲ್ಲಿ ನನ್ನ ಅಜ್ಜನೂ ಓದಿದ್ದರು. ಈಗ ಗೋಡೆಗೆ ತೇವ ಹಿಡಿದಿದೆ, ಕೆಡವೋಣ ಎನ್ನುತ್ತಿದ್ದಾರೆ. ಗುಡಿಯಲ್ಲ, ಕೋಟೆಯಲ್ಲ, ಇದಕ್ಕೂ ಪಾರಂಪರಿಕ ಮೌಲ್ಯವಿದೆಯೇ?
– ನಿವೃತ್ತ ಶಿಕ್ಷಕಿ

ಉತ್ತರ: ಇದೆ, ಅಕ್ಕೋರೇ. ನೀವು ಕಳಿಸಿದ ಚಿತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಹೊಸ್ತಿಲಿನ ಕಲ್ಲಿಗೆ. ನಡುವೆ ತಟ್ಟೆಯಂತೆ ಸವೆದಿದೆ. ಅಷ್ಟು ಸವೆಯಲು ಎಷ್ಟು ತಲೆಮಾರಿನ ಬರಿಗಾಲು ಬೇಕು!

ತೇವಕ್ಕೆ ಕಲ್ಲನ್ನು ದೂರಬೇಡಿ. ಸೊಂಟದೆತ್ತರಕ್ಕೆ ಬಳಿದ ಸಿಮೆಂಟ್ ಗಿಲಾವು ಕಾಣುತ್ತಿದೆ. ನನ್ನ ಅನುಮಾನ ಅದರ ಮೇಲೆ. ಸುಣ್ಣದ ಗಾರೆ ನೆಲದಿಂದ ಏರಿದ ತೇವವನ್ನು ಹೊರಗೆ ಆರಲು ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಅದನ್ನು ಕೆತ್ತಿಸಿ, ಸುಣ್ಣದ ಕೆಲಸ ಬಲ್ಲವರಿಂದ ಸಂದು ತುಂಬಿಸಿ. ಚಾವಣಿಯ ತೊಲೆಗಳನ್ನು ಎಂಜಿನಿಯರ್ ಪರೀಕ್ಷಿಸುವವರೆಗೆ ಮಕ್ಕಳನ್ನು ಒಳಗೆ ಕೂರಿಸಬೇಡಿ. ಈ ಮಾತಿನಲ್ಲಿ ನನಗೆ ರಾಜಿಯಿಲ್ಲ.

ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯಿದೆ ಕನಿಷ್ಠ 100 ವರ್ಷದ ಕಟ್ಟಡವನ್ನು ಪರಿಗಣಿಸುತ್ತದೆ. ಆದರೆ ನೂರು ತುಂಬಿದ ಮಾತ್ರಕ್ಕೆ ರಕ್ಷಣೆ ಸಿಗದು, ಸರ್ಕಾರದ ಘೋಷಣೆ ಬೇಕು. ಆದ್ದರಿಂದ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್ ಹುಡುಕಿ. 1956ರವರೆಗೆ ನಿಮ್ಮ ಸೀಮೆ ಬಹುಪಾಲು ಮುಂಬಯಿ ಆಡಳಿತದಲ್ಲಿತ್ತು. ಕೆಲವು ಕಡತಗಳು ಇಂಗ್ಲಿಷ್, ಮರಾಠಿಯಲ್ಲಿದ್ದರೆ ಗಾಬರಿಯಾಗಬೇಡಿ. ಅಜ್ಜನ ಹೆಸರು ಸಿಕ್ಕರೆ ಆ ಪುಟದ ಚಿತ್ರ ನನಗೂ ಕಳಿಸಿ.